ರಗ್ಬಿಯಲ್ಲಿ ದೇಶದ ಎರಡನೇ ತಂಡ: ಕನ್ನಡದಲ್ಲಿ ಏನೆಂದು ಬರೆಯೋದು?

ಪ್ರಶ್ನೆ:

ಗೆಳೆಯರೇ, ಸ್ವಲ್ಪ ಅವಸರವಿದೆ. ಶಾಲಾ ಮಕ್ಕಳ ಕ್ರೀಡಾಕೋಶಕ್ಕೆ ರಗ್ಬಿ ಪುಟಗಳನ್ನು ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪುಟ ಅಚ್ಚಿಗೆ ಹೋಗಬೇಕು. ಇಂಗ್ಲೆಂಡ್ ಸ್ಯಾಕ್ಸನ್ಸ್, ಐರ್ಲೆಂಡ್ ವುಲ್ಫ್‌ಹೌಂಡ್ಸ್, ನ್ಯೂಜಿಲೆಂಡಿನ ಜೂನಿಯರ್ ಆಲ್ ಬ್ಲ್ಯಾಕ್ಸ್, ಇವೆಲ್ಲ ಆಯಾ ದೇಶದ ಮುಖ್ಯ ತಂಡದ ಕೆಳಗೆ ಬರುವ ತಂಡಗಳು. ಈ ಬಗೆಯ ತಂಡಕ್ಕೆ ಒಂದು ತಲೆಬರಹ ಬೇಕು. ‘ಎರಡನೇ ದರ್ಜೆಯ ರಾಷ್ಟ್ರೀಯ ತಂಡ’ ಎಂದು ಹಾಕಿದ್ದೆ. ಸಂಪಾದಕರು ಹೊಡೆದುಹಾಕಿ ವಾಪಸ್ ಕಳಿಸಿದ್ದಾರೆ. ‘ಮೀಸಲು ತಂಡ’ ಆಗುತ್ತದಾ?

ಮರು 1:

‘ಇಮ್ಮಡಿ ನಾಡತಂಡ’ ಎಂದು ಬರೆಯಿರಿ. ಇರ್ + ಮಡಿ = ಇಮ್ಮಡಿ. ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ, ನಾಲ್ವಡಿ ಕೃಷ್ಣರಾಜ. ಎಣಿಸೋದಕ್ಕೆ ಇಷ್ಟು ಚೆಂದದ ಪದ ನಮ್ಮಲ್ಲೇ ಇರುವಾಗ ದರ್ಜೆ, ರಾಷ್ಟ್ರೀಯ ಎಂದು ಹೊರಗಿನದನ್ನು ಯಾಕೆ ಎಳೆದು ತರುತ್ತೀರಿ? ‘ಎರಡನೇ’, ‘ತಂಡ’ ಇವೆರಡೇ ಆ ಸಾಲಿನಲ್ಲಿ ಕನ್ನಡದ್ದು.

ಮರು 2:

ಇಮ್ಮಡಿ ಬೇಡ. ಅರಸರ ಹೆಸರಿನಲ್ಲಿ ಅದು ಕೂತಿರೋದು ಅದೇ ಹೆಸರಿನವನು ಎರಡನೇ ಸಲ ಬಂದ ಎಂದು ಹೇಳೋದಕ್ಕೆ. ಸ್ಯಾಕ್ಸನ್ಸ್ ಇಂಗ್ಲೆಂಡ್ ತಂಡ ಹೋದಮೇಲೆ ಬಂದ ತಂಡವಲ್ಲ, ಅದರ ಜೊತೆಗೇ ಇದ್ದ ತಂಡ. ಅದೂ ಅಲ್ಲದೆ ಇವತ್ತು ‘ಬೆಲೆ ಇಮ್ಮಡಿಯಾಯಿತು’ ಅಂದರೆ ಎರಡು ಪಟ್ಟು ಎಂದೇ ಅರ್ಥ. ಮಗು ‘ಇಮ್ಮಡಿ ತಂಡ’ ಓದಿದರೆ ಹದಿನೈದರ ಬದಲು ಮೂವತ್ತು ಜನ ಆಡುವ ತಂಡ ಅಂದುಕೊಳ್ಳುತ್ತದೆ. ‘ನಾಡು’ ಕೂಡ ಇಲ್ಲಿ ಸರಿಹೋಗದು. ನಾಡಗೀತೆ, ನಾಡಹಬ್ಬ ಎಲ್ಲ ಕರ್ನಾಟಕದ್ದು. ನಾಡತಂಡ ಅಂದರೆ ರಾಜ್ಯದ ತಂಡ ಆಗಿಬಿಡುತ್ತದೆ.

‘ಮೀಸಲು’ ಅಂದರೆ ಬೆಂಚಿನ ಮೇಲೆ ಕೂತು ಕಾಯುವವರು. ಈ ತಂಡಗಳು ಕಾಯೋದಿಲ್ಲ, ತಮ್ಮದೇ ಪಂದ್ಯ ಆಡುತ್ತವೆ, ಟೂರ್ನಿ ಗೆಲ್ಲುತ್ತವೆ. ಜೂನಿಯರ್ ಆಲ್ ಬ್ಲ್ಯಾಕ್ಸ್ 2006, 2007, 2009ರಲ್ಲಿ ಪೆಸಿಫಿಕ್ ನೇಷನ್ಸ್ ಕಪ್ ಗೆದ್ದಿತು. ಎದುರಿಗಿದ್ದದ್ದು ಫಿಜಿ, ಸಮೋವಾ, ಟೊಂಗಾ, ಜಪಾನ್ ದೇಶಗಳ ಮುಖ್ಯ ತಂಡಗಳು. ಆ ‘ಜೂನಿಯರ್’ ನೋಡಿ ‘ಕಿರಿಯರ ತಂಡ’ ಎಂದೂ ಬರೆಯಬೇಡಿ. ಒಂದು ಕಾಲದಲ್ಲಿ ಅದಕ್ಕೆ 23 ವರ್ಷದ ಮಿತಿ ಇತ್ತು, ಈ ಕಪ್‌ಗಳ ಹೊತ್ತಿಗೆ ಇರಲಿಲ್ಲ.

‘ಎರಡನೇ ದರ್ಜೆ’ಯನ್ನು ನಿಮ್ಮ ಸಂಪಾದಕರು ಹೊಡೆದದ್ದು ಸರಿ. ಕೀಳು ಅನ್ನುವ ಭಾವ ಬರುತ್ತದೆ ಎನ್ನೋದಷ್ಟೇ ಅಲ್ಲ. ರಗ್ಬಿಯಲ್ಲಿ ದೇಶಗಳನ್ನೇ ಮೊದಲ ಶ್ರೇಣಿ, ಎರಡನೇ ಶ್ರೇಣಿ ಎಂದು ವಿಂಗಡಿಸಿ ಮಾತಾಡುವ ರೂಢಿ ಇದೆ. ಜಾರ್ಜಿಯಾ, ಸಮೋವಾ, ಕೆನಡಾ ಎರಡನೇ ಶ್ರೇಣಿಯ ದೇಶಗಳು. ಅವುಗಳ ತಂಡ ಆ ದೇಶದ ಮೊದಲ ತಂಡವೇ. 2003ರಿಂದ 2011ರವರೆಗೆ ನಡೆದ ಚರ್ಚಿಲ್ ಕಪ್ ನೋಡಿ. ಕೆನಡಾ, ಅಮೆರಿಕ ತಮ್ಮ ಮುಖ್ಯ ತಂಡ ಕಳಿಸಿದರೆ, ಇಂಗ್ಲೆಂಡ್ ತನ್ನ ಎರಡನೆಯದನ್ನು ಕಳಿಸುತ್ತಿತ್ತು. ‘ಎರಡನೇ ದರ್ಜೆಯ ರಾಷ್ಟ್ರೀಯ ತಂಡ’ ಎಂದು ಬರೆದರೆ ಇವೆರಡರಲ್ಲಿ ಯಾವುದು ಎಂದು ಓದುಗನಿಗೆ ಹೇಗೆ ಗೊತ್ತಾಗಬೇಕು?

ನನಗೆ ಮುಖ್ಯ ಅನಿಸೋದು ಇನ್ನೊಂದು. ಈ ತಂಡಕ್ಕೆ ನಿಯಮದಲ್ಲಿ ಒಂದು ಕೆಲಸ ಇದೆ. ವಿಶ್ವ ರಗ್ಬಿ ಸಂಸ್ಥೆಯ 8ನೇ ನಿಯಮದಂತೆ ದೇಶವೊಂದು ತನ್ನ ಮುಖ್ಯ ತಂಡದ ನಂತರದ ತಂಡ ಯಾವುದು ಎಂದು ಹೆಸರಿಸಬಹುದು. ಅದರಲ್ಲಿ, ಇನ್ನೊಂದು ದೇಶದ ಮುಖ್ಯ ತಂಡದ ಅಥವಾ ಹೀಗೇ ಹೆಸರಿಸಿದ ತಂಡದ ಎದುರು ಆಡಿದವನು ಆ ದೇಶಕ್ಕೆ ಕಟ್ಟುಬೀಳುತ್ತಾನೆ, ಆಮೇಲೆ ಬೇರೆ ದೇಶಕ್ಕೆ ಸುಲಭವಾಗಿ ಆಡುವಂತಿಲ್ಲ. 2012ರಲ್ಲಿ ಸ್ಟೀವನ್ ಶಿಂಗ್ಲರ್ ಎಂಬ ಆಟಗಾರನನ್ನು ಸ್ಕಾಟ್ಲೆಂಡ್ ಆರಿಸಿಕೊಂಡಿತು. ತಾಯಿ ಸ್ಕಾಟ್ಲೆಂಡಿನವರು. ಆದರೆ ಅವರು ಅದಕ್ಕೂ ಮೊದಲು 20 ವರ್ಷದೊಳಗಿನವರ ವೇಲ್ಸ್ ತಂಡದಲ್ಲಿ ಫ್ರಾನ್ಸ್ ಎದುರು ಆಡಿದ್ದರು. ವೇಲ್ಸ್, ಫ್ರಾನ್ಸ್ ಎರಡೂ ಆ ವಯಸ್ಸಿನ ತಂಡವನ್ನೇ ತಮ್ಮ ಎರಡನೇ ತಂಡ ಎಂದು ಹೆಸರಿಸಿದ್ದವು. ಶಿಂಗ್ಲರ್ ವೇಲ್ಸ್‌ಗೆ ಸೇರಿದವರು ಎಂದು ತೀರ್ಪಾಯಿತು. ಹುಡುಗರ ಪಂದ್ಯ ಒಂದು ಇಷ್ಟು ಭಾರವಾಗಬಾರದಿತ್ತು. 2018ರಿಂದ 20 ವರ್ಷದೊಳಗಿನ ತಂಡವನ್ನು ಹಾಗೆ ಹೆಸರಿಸುವಂತಿಲ್ಲ. 2022ರಿಂದ, ಮೂರು ವರ್ಷ ದೇಶದ ತಂಡಕ್ಕೆ ಆಡದೆ ಇದ್ದ ಆಟಗಾರ ತಾನು ಹುಟ್ಟಿದ ಅಥವಾ ಅಪ್ಪ ಅಮ್ಮ, ಅಜ್ಜ ಅಜ್ಜಿ ಹುಟ್ಟಿದ ದೇಶಕ್ಕೆ ಒಂದು ಸಲ ಬದಲಾಗಬಹುದು.

ಹಾಗಾಗಿ ಪದ ಹೇಳಬೇಕಾದದ್ದು ಮಟ್ಟವನ್ನಲ್ಲ, ಕ್ರಮವನ್ನು. ‘ಮುಖ್ಯ ತಂಡದ ನಂತರದ ತಂಡ’. ಮುಂದೆ ಬಂದಲ್ಲೆಲ್ಲ ‘ಎ ತಂಡ’.

ಮರು 3:

‘ಎರಡನೇ ಸಾಲಿನ ತಂಡ’ ಯಾಕಾಗಬಾರದು? ‘ಪಕ್ಷದ ಎರಡನೇ ಸಾಲಿನ ನಾಯಕರು’ ಎಂದು ಪತ್ರಿಕೆಗಳಲ್ಲಿ ದಿನಾ ಓದುತ್ತೇವೆ ಅಲ್ವಾ? ನಾಳೆ ಮುಂದೆ ಬರುವವರು ಅನ್ನುವ ಅರ್ಥವೂ ಇದೆ. ‘ಎ ತಂಡ’ ಅಂದರೆ ಬೆಂಗಳೂರಿನವರು ಮೊದಲ ತಂಡ ಎಂದೇ ಓದುತ್ತಾರೆ. ಎ ಖಾತಾ ಸರಿಯಾದದ್ದು, ಬಿ ಖಾತಾ ಆಮೇಲಿನದು.

ಮರು 1 ಬರೆದವರಿಂದ:

ಒಪ್ಪುವುದಿಲ್ಲ. ‘ಎ’ ಇಂಗ್ಲಿಷಿನ ಅಕ್ಷರ. ಅದನ್ನು ಕನ್ನಡದ ಹ್ರಸ್ವ ‘ಎ’ಯಲ್ಲಿ ಬರೆದು ದೀರ್ಘ ‘ಏ’ ಎಂದು ಓದುತ್ತೀರಿ. ನುಡಿಗೂ ಬರಹಕ್ಕೂ ಹೊಂದದ ಪದವನ್ನು ಮಕ್ಕಳ ಪುಸ್ತಕದಲ್ಲಿ ಹಾಕಬಾರದು. ಹೀಗೇ ಒಂದೊಂದಾಗಿ ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ಕ್ರಿಯಾಪದ ಮಾತ್ರ ನಮ್ಮದಾಗಿ ಉಳಿಯುತ್ತದೆ.

ಮರು 2 ಬರೆದವರಿಂದ:

‘ಎರಡನೇ ಸಾಲು’ ಒಳ್ಳೆಯ ಪದ. ಬೇರೆ ಯಾವ ಆಟವಾಗಿದ್ದರೂ ನಾನೇ ಒಪ್ಪುತ್ತಿದ್ದೆ. ರಗ್ಬಿಯಲ್ಲಿ ಆಗದು. ಸ್ಕ್ರಮ್‌ನಲ್ಲಿ ಚೆಂಡಿಗಾಗಿ ಒಂದೊಂದು ತಂಡದ ಎಂಟೆಂಟು ಜನ ಸಾಲುಗಟ್ಟಿ ಎದುರು ತಂಡವನ್ನು ತಳ್ಳುತ್ತಾರೆ. ಮೊದಲ ಸಾಲಿನಲ್ಲಿ ಮೂವರು. ಅವರ ಹಿಂದಿನ ಇಬ್ಬರು ಲಾಕ್‌ಗಳನ್ನು ಕರೆಯೋದೇ ಎರಡನೇ ಸಾಲಿನವರು ಎಂದು. ಅದೇ ಪುಸ್ತಕದಲ್ಲಿ ಸ್ಕ್ರಮ್ ಚಿತ್ರವೂ ಬರುತ್ತದೆ, ಅಲ್ಲಿ ಆ ಪದ ಬೇಕು.

ಖಾತಾ ಮಾತು ಬಿಡಿ. ಕ್ರಿಕೆಟ್ ಓದುವ ಹುಡುಗನಿಗೆ ‘ಭಾರತ ಎ’ ಎಂದರೆ ಮುಖ್ಯ ತಂಡವಲ್ಲ ಎಂದು ಚೆನ್ನಾಗಿ ಗೊತ್ತು. ನಮ್ಮ ಪತ್ರಿಕೆಗಳು ಎಷ್ಟೋ ವರ್ಷದಿಂದ ಹಾಗೇ ಬರೆಯುತ್ತಿವೆ. ಹ್ರಸ್ವ, ದೀರ್ಘ ನೋಡಿ ಯಾರೂ ತಡವರಿಸಿಲ್ಲ. ‘ಎ ಸೆಕ್ಷನ್’ ಎಂದು ಶಾಲೆಯ ಬಾಗಿಲ ಮೇಲೆ ಬರೆದದ್ದನ್ನು ಮಕ್ಕಳು ಸರಿಯಾಗೇ ಓದುತ್ತಾರೆ. ಇನ್ನು ಎರವಲಿನ ಮಾತು. ರಗ್ಬಿ ಇಂಗ್ಲೆಂಡಿನ ವಾರಿಕ್‌ಶೈರ್‌ನ ಒಂದು ಊರಿನ ಹೆಸರು. ಅಲ್ಲಿನ ಶಾಲೆಯಿಂದ ಆಟಕ್ಕೆ ಬಂತು. ಅದನ್ನು ನೀವೂ ಇಲ್ಲಿ ಹಾಗೇ ಬಿಟ್ಟಿದ್ದೀರಿ. ಆಟದ ಹೆಸರು ಹೊರಗಿನದಾಗಬಹುದು, ತಂಡದ ಗುರುತಿನ ಒಂದಕ್ಷರ ಆಗಬಾರದು ಅನ್ನೋದು ನನಗೆ ಅರ್ಥವಾಗದ ನಿಯಮ. ವಿವರಣೆ ಕನ್ನಡದಲ್ಲಿರಲಿ, ಗುರುತು ಬಂದ ಹಾಗೇ ಇರಲಿ.

ಕೇಳಿದವರಿಗೆ ಇನ್ನೆರಡು ಮಾತು. ಸ್ಯಾಕ್ಸನ್ಸ್, ವುಲ್ಫ್‌ಹೌಂಡ್ಸ್ ಎಲ್ಲ ಇಟ್ಟ ಹೆಸರುಗಳು, ಅನುವಾದ ಬೇಡ. ಇಂಗ್ಲೆಂಡ್ ಎ ತಂಡಕ್ಕೆ 2006ರಲ್ಲಿ ಸ್ಯಾಕ್ಸನ್ಸ್ ಎಂದು ಹೆಸರಿಟ್ಟರು. 2024ರಲ್ಲಿ ಆಸ್ಟ್ರೇಲಿಯಾ ಎ ಎದುರು ಆಡಿದ್ದು ಮತ್ತೆ ‘ಇಂಗ್ಲೆಂಡ್ ಎ’ ಹೆಸರಲ್ಲೇ. ಐರ್ಲೆಂಡ್ ಎ 2010ರಲ್ಲಿ ವುಲ್ಫ್‌ಹೌಂಡ್ಸ್ ಆಯಿತು. 2022ರ ನವೆಂಬರಿನಲ್ಲಿ ಡಬ್ಲಿನ್‌ನಲ್ಲಿ ಆಡಿದಾಗ ಅದೂ ಹಳೆಯ ಹೆಸರಿಗೆ ಮರಳಿತ್ತು. ಅವತ್ತು ಅದನ್ನು 47–19ರಿಂದ ಸೋಲಿಸಿದ ನ್ಯೂಜಿಲೆಂಡ್ ತಂಡದ ಹೆಸರಿನಲ್ಲಿ ರೋಮನ್ ಅಂಕಿಯ 15 ಇದೆ. ‘ಆಲ್ ಬ್ಲ್ಯಾಕ್ಸ್ ಫಿಫ್ಟೀನ್’ ಎಂದೇ ಬರೆಯಿರಿ. ಬರೀ 15 ಹಾಕಿದರೆ ಹದಿನೈದು ವರ್ಷದೊಳಗಿನವರು ಅಂದುಕೊಂಡಾರು.

ಕೇಳಿದವರಿಂದ:

ತಲೆಬರಹ ‘ಎ ತಂಡ’, ಕೆಳಗೆ ಸಣ್ಣಕ್ಷರದಲ್ಲಿ ‘ದೇಶದ ಮುಖ್ಯ ತಂಡದ ನಂತರದ ತಂಡ’ ಎಂದು ಹಾಕಿ ಕಳಿಸುತ್ತಿದ್ದೇನೆ. ಎಲ್ಲರಿಗೂ ವಂದನೆ. ‘ಲಾಕ್’ಗೆ ಕನ್ನಡ ಪದ ಇದೆಯೇ? ಆ ಪುಟ ಬುಧವಾರ ಹೋಗಬೇಕು.