ಅಪ್‌ಡೇಟ್: ಆಯಿಲ್ ಪ್ರೆಶರ್ ಸೆನ್ಸರ್ ಗೊತ್ತಾಯಿತು

ದೊಡ್ಡ ಪ್ರಮಾಣದ ಉತ್ಪಾದನೆಗೆ, ಎಂಜಿನ್ ಆಯಿಲ್‌ನ 0–10 ಬಾರ್ ಅಳೆಯುವ ಅಗ್ಗದ ಸೆನ್ಸರ್ ಯಾವುದೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಸೆರಾಮಿಕ್ ಪೀಜೋರೆಸಿಸ್ಟಿವ್ ಸೆಲ್‌ನ (ಒತ್ತಡ ಬಿದ್ದಾಗ ವಿದ್ಯುತ್ ರೋಧ ಬದಲಾಗುವ ಸೆಲ್), 5 ವೋಲ್ಟ್ ರೇಷಿಯೋಮೆಟ್ರಿಕ್ ಮಾದರಿ ಆರಿಸಿದ್ದೇವೆ; ಅಂದರೆ ಸಪ್ಲೈ ವೋಲ್ಟೇಜ್ ಏರಿಳಿದರೆ ಔಟ್‌ಪುಟ್ ಕೂಡ ಅದೇ ಅನುಪಾತದಲ್ಲಿ ಏರಿಳಿಯುತ್ತದೆ. ಔಟ್‌ಪುಟ್ 0.5ರಿಂದ 4.5 ವೋಲ್ಟ್, ಅಂದರೆ ಪ್ರತಿ ಬಾರ್‌ಗೆ 0.4 ವೋಲ್ಟ್.

ಮೊದಲು ರೀಡಿಂಗ್ ತಪ್ಪಾಗಿ ಬರುತ್ತಿತ್ತು; ಅದು ಸೆನ್ಸರ್‌ನಿಂದಲ್ಲ. ಎಡಿಸಿಗೆ (ವೋಲ್ಟೇಜನ್ನು ಅಂಕಿಯಾಗಿಸುವ ಸರ್ಕ್ಯೂಟ್) ಬೇರೆ ರೆಫರೆನ್ಸ್, ಅಂದರೆ ಹೋಲಿಸಿ ಅಳೆಯಲು ಬೇರೆಯೇ ಸ್ಥಿರ 5 ವೋಲ್ಟ್, ಇತ್ತು. ಸೆನ್ಸರ್ ಸಪ್ಲೈ 4.9 ವೋಲ್ಟ್‌ಗೆ ಇಳಿದರೆ 10 ಬಾರ್ ಇದ್ದರೂ ಸುಮಾರು 9.78 ತೋರಿಸುತ್ತಿತ್ತು. ಎರಡಕ್ಕೂ ಒಂದೇ 5 ವೋಲ್ಟ್ ಲೈನ್ ಕೊಟ್ಟ ಮೇಲೆ ಸರಿಹೋಯಿತು. ಇದನ್ನು ನೋಡದೆ ದುಬಾರಿ ಸೆನ್ಸರ್‌ಗೆ ಹೋಗಲೇಬೇಡಿ.

ಸೆರಾಮಿಕ್ ಸೆಲ್‌ನಲ್ಲಿ ಕೈಕೊಡುವುದು ಒಳಗಿನ ಓ-ರಿಂಗ್. ನೈಟ್ರೈಲ್ ರಬ್ಬರ್ ಬಿಸಿ ಎಣ್ಣೆಯಲ್ಲಿ ಗಡುಸಾಗಿ ಬಿರಿದು ಸೋರುತ್ತದೆ. ಡ್ರಾಯಿಂಗ್‌ನಲ್ಲೇ ಓ-ರಿಂಗ್‌ಗೆ ಎಫ್‌ಕೆಎಂ (ಬಿಸಿ ಎಣ್ಣೆ ತಡೆಯುವ ಫ್ಲೋರೋ ರಬ್ಬರ್) ಎಂದು ಬರೆಸಿ. ಸ್ಯಾಂಪಲ್ ಎಷ್ಟೇ ಚೆನ್ನಾಗಿರಲಿ, ಪಿಪಿಎಪಿ ಕಡತ (ಉತ್ಪಾದನೆಯಲ್ಲೂ ಬಿಡಿಭಾಗ ಸರಿಯಾಗಿ ಬರುತ್ತದೆ ಎಂದು ಪೂರೈಕೆದಾರರು ಕೊಡುವ ದಾಖಲೆ) ಒಪ್ಪಿಗೆಯಾಗುವ ಮುನ್ನ ದೊಡ್ಡ ಆರ್ಡರ್ ಕೊಡಬೇಡಿ.