ದಿನಾ ಪ್ರಿಂಟರ್ ಸಿಕ್ಕಿಸಿ ತೆಗೆದರೆ ಮಷಿನ್ ಪಿನ್ನು ಎಷ್ಟು ವರ್ಷ ಬಾಳುತ್ತೆ?

ಮದ್ದೂರು ಕಡೆಯಿಂದ ಪ್ರಶ್ನೆ: ನಮ್ಮೂರ ಹಾಲಿನ ಡೇರಿಗೆ ಲೆಕ್ಕ ಬರೆಯಲು ಕೈಯಲ್ಲಿ ಹಿಡಿಯುವ ಮಷಿನ್ ಬಂದಿದೆ. ಬೆಳಿಗ್ಗೆ, ಸಂಜೆ ಅದರ ಕೆಳಗಡೆ ಪ್ರಿಂಟರ್ ಸಿಕ್ಕಿಸಿ ಚೀಟಿ ತೆಗೆಯುತ್ತೇವೆ. ಪಿನ್ನು ಬೇಗ ಸವೆದು ಹೋಗುತ್ತಾ? ಅನುಭವ ಇದ್ದವರು ಹೇಳಿ.

ಮೈಸೂರಿನಿಂದ: ಸಂತೆಪೇಟೆ ಹತ್ತಿರ ನನ್ನ ರಿಪೇರಿ ಅಂಗಡಿ ಇದೆ. ಇಂಥ ಮಷಿನ್‌ಗಳು ಸುಮಾರು ಬರುತ್ತವೆ. ಬರೀ ಹಾಕಿ ತೆಗೆದು ಸವೆದ ಪಿನ್ನು ತುಂಬಾ ಅಪರೂಪ. ಮೈಕ್ರೋ ಯುಎಸ್‌ಬಿ, ಟೈಪ್ ಸಿ ಆದರೆ 10,000 ಸಲ ತಡೆಯುವ ಲೆಕ್ಕದಲ್ಲಿ ಮಾಡಿರುತ್ತಾರೆ. ದಿನಕ್ಕೆ ಎರಡು ಸಲ ಅಂದರೂ 13 ವರ್ಷ ಆಯ್ತಲ್ವಾ. ಹಳೆಯ ಮಿನಿ ಯುಎಸ್‌ಬಿಗೆ 5,000. ಮೈಕ್ರೋದಲ್ಲಿ ಸ್ಪ್ರಿಂಗ್ ಇರುವುದು ಕೇಬಲ್ ಕಡೆ. ಹಾಗಾಗಿ ಹಿಡಿತ ಸಡಿಲ ಆದರೆ ಮೊದಲು ಕೇಬಲ್ ಬದಲಾಯಿಸಿ ನೋಡಿ.

ನಿಮ್ಮ ಡೇರಿಯಲ್ಲಿ ನಿಜವಾದ ಶತ್ರು ತೇವ. ಲೆನ್ಸ್ ಇಟ್ಟು ನೋಡಿ: ಸಾಮಾನ್ಯವಾಗಿ ಕರೆಂಟ್ ಹರಿಯುವ ಪಿನ್ನೇ ಮೊದಲು ಹಸಿರಾಗಿರುತ್ತೆ, ಪಕ್ಕದವು ಇನ್ನೂ ಹೊಳೆಯುತ್ತಿರುತ್ತವೆ. ಒದ್ದೆ ಪಿನ್ನಿಗೆ ಕರೆಂಟ್ ಸೇರಿದರೆ ಲೋಹ ಕರಗುತ್ತಾ ಹೋಗುತ್ತೆ. ಹಾಲು ಸಿಡಿದ ಕೈಯಲ್ಲಿ ಪ್ರಿಂಟರ್ ಸಿಕ್ಕಿಸಲೇಬೇಡಿ. ಹಸಿರು ಕಂಡರೆ ಮಷಿನ್ ಆಫ್ ಮಾಡಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ (ಬೇಗ ಆರುವ ಕ್ಲೀನಿಂಗ್ ದ್ರವ) ಅದ್ದಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಲು ಬಿಡಿ. ಉಪ್ಪು ಕಾಗದ ಮಾತ್ರ ಬೇಡ. ಮೇಲಿನ ಚಿನ್ನದ ಲೇಪ ಎಷ್ಟು ತೆಳು ಅಂದರೆ ಒಂದೇ ಉಜ್ಜಿಗೆ ಹೋಗುತ್ತೆ, ಆಮೇಲೆ ತುಕ್ಕು ಇನ್ನೂ ಜೋರಾಗುತ್ತೆ.

ಇನ್ನೊಂದು, ಪ್ರಿಂಟರ್ ಕೆಳಗೆ ಜೋತಾಡುತ್ತಿದ್ದರೆ ಅದರ ಭಾರ ಪೂರ್ತಿ ಕನೆಕ್ಟರ್ (ಪಿನ್ನು ಕೂತಿರುವ ಸಾಕೆಟ್) ಮೇಲೇ ಬೀಳುತ್ತೆ. ಪಿನ್ನು ಚೆನ್ನಾಗೇ ಇರುತ್ತೆ, ಒಳಗೆ ಬೋರ್ಡಿನ ಬೆಸುಗೆ ಬಿರುಕು ಬಿಡುತ್ತೆ. ನಮ್ಮಲ್ಲಿಗೆ ಬರುವುದರಲ್ಲಿ ಇದೇ ಜಾಸ್ತಿ. ಮೇಜಿನ ಮೇಲಿಟ್ಟು ನೇರವಾಗಿ ಹಾಕಿ, ನೇರವಾಗಿ ಎಳೆಯಿರಿ. ಅಲ್ಲಾಡಿಸಿ ಕೀಳಬೇಡಿ.

ಪಾಂಡವಪುರದಿಂದ: ಮೇಲಿನವರು ಹೇಳಿದ್ದು ಸರಿ. ನಮ್ಮ ಆಲೆಮನೆಯಲ್ಲಿ ತೂಕ ಬರೆಯುವ ಮಷಿನ್‌ಗೆ ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಟೇಪ್ ಸುತ್ತಿದ್ದೇವೆ, ಅದನ್ನು ತೆಗೆಯುವುದೇ ಇಲ್ಲ. ಹಾಕೋದು ತೆಗೆಯೋದು ಎಲ್ಲ ಕೇಬಲ್ ತುದಿಯಲ್ಲೇ. ಸವೆದರೆ ಕೇಬಲ್ ಸವೆಯಲಿ, ಮಷಿನ್ ಉಳಿಯುತ್ತೆ. ಅದಕ್ಕೆ ಮುಂಚೆ ಕಬ್ಬಿನ ಸಿಪ್ಪೆಯ ಧೂಳು ಒಳಗೆ ಗಟ್ಟಿಯಾಗಿ ಕೂತು ಕೇಬಲ್ ಪೂರ್ತಿ ಹೋಗುತ್ತಿರಲಿಲ್ಲ, ಪಿನ್ನೇ ಹಾಳಾಗಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಮರದ ಟೂತ್‌ಪಿಕ್‌ನಲ್ಲಿ ಮೆಲ್ಲಗೆ ಕೆದಕಿದರೆ ಉಂಡೆ ಉಂಡೆ ಬಂತು. ಸೂಜಿ, ಹೇರ್‌ಪಿನ್ ಹಾಕಬೇಡಿ, ಎರಡು ಪಿನ್ನು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತೆ.