ಅಪ್‌ಡೇಟ್: ತಮ್ಮನ ಕಾಮಾಲೆಗೆ ಕೊನೆಗೂ ಹೆಸರು ಸಿಕ್ಕಿತು

ತಮ್ಮನಿಗೆ ಆರು ವರ್ಷದಲ್ಲಿ ಮೂರು ಸಲ ಕಾಮಾಲೆ ಬಂದಿದೆ, ಹೆಪಟೈಟಿಸ್ ಪರೀಕ್ಷೆಗಳೆಲ್ಲ ನೆಗೆಟಿವ್, ಮತ್ತೇನಿರಬಹುದು ಅಂತ ಕೇಳಿದ್ದೆ. ಉತ್ತರ ಸಿಕ್ಕಿದೆ.

ನಿಮ್ಮಲ್ಲಿ ಜಾಸ್ತಿ ಜನ ಗಿಲ್ಬರ್ಟ್ (ಹುಟ್ಟಿನಿಂದಲೇ ಇರುವ, ಅಪಾಯವಿಲ್ಲದ ಲಿವರ್ ದೋಷ) ಅಂದಿದ್ದಿರಿ. ಅದಲ್ಲ. ಗಿಲ್ಬರ್ಟ್‌ನಲ್ಲಿ ಏರುವುದು ಇನ್‌ಡೈರೆಕ್ಟ್ ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತು, ಲಿವರ್ ಇನ್ನೂ ಸಂಸ್ಕರಿಸದೇ ಇರುವುದು), ಅದೂ ಸ್ವಲ್ಪ. ಇವನ ಒಟ್ಟು ಬಿಲಿರುಬಿನ್ 14ರಲ್ಲಿ 11 ಡೈರೆಕ್ಟ್, ಅಂದರೆ ಲಿವರ್ ಸಂಸ್ಕರಿಸಿದ್ದು. ಡುಬಿನ್-ಜಾನ್ಸನ್, ರೋಟರ್ ಅನ್ನುವ ಅಪರೂಪದ ಆನುವಂಶಿಕ ಕಾಯಿಲೆಗಳಲ್ಲೂ ಡೈರೆಕ್ಟ್ ಏರುತ್ತದೆ, ಆದರೆ ತುರಿಕೆ ಇರುವುದಿಲ್ಲ. ಇವನಿಗೋ ತುರಿಕೆಯೇ ಮೊದಲು! ಕಣ್ಣು ಹಳದಿಯಾಗುವ ಎರಡು ವಾರ ಮುಂಚೆಯೇ ರಾತ್ರಿ ಎದ್ದು ಕೂತು ಅಂಗಾಲು ಕೆರೆದುಕೊಳ್ಳುತ್ತಿದ್ದ, ಬಾಚಣಿಗೆಯಿಂದ. ನಾವು ಸುಮ್ನೆ ಚರ್ಮದ ಡಾಕ್ಟರ ಹತ್ತಿರ ಓಡಾಡಿದ್ದೇ ಬಂತು.

ಹೊಸ ಡಾಕ್ಟರು ಹಳೇ ರಿಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಪ್ರತಿಯೊಂದರಲ್ಲೂ ಒಂದೇ ಸಾಲಿನ ಮೇಲೆ ಬೆರಳಿಟ್ಟರು: ಜಿಜಿಟಿ, ರಕ್ತದಲ್ಲಿ ಅಳೆಯುವ ಲಿವರ್‌ನ ಒಂದು ಕಿಣ್ವ. ಪಿತ್ತ ಕಟ್ಟಿಕೊಂಡಾಗ ಅದು ಸಾಮಾನ್ಯವಾಗಿ ಏರಬೇಕು. ಮೂರೂ ಸಲ ನಾರ್ಮಲ್. ನಾರ್ಮಲ್ ಅಂತ ನಾವು ಖುಷಿಪಟ್ಟಿದ್ದೆವು, ಸುಳಿವು ಅಲ್ಲೇ ಇತ್ತು ನೋಡಿ. ಎಂಆರ್‌ಸಿಪಿ (ಪಿತ್ತನಾಳಗಳನ್ನು ತೋರಿಸುವ ಎಂಆರ್‌ಐ) ಸ್ಕ್ಯಾನ್‌ನಲ್ಲಿ ಪಿತ್ತನಾಳ ಸರಿಯಿತ್ತು. ಜೀನ್ ಪರೀಕ್ಷೆಯಲ್ಲಿ ಎಟಿಪಿ8ಬಿ1 ಜೀನಿನ ಎರಡೂ ಪ್ರತಿಗಳಲ್ಲಿ ದೋಷ. ಕಾಯಿಲೆಯ ಹೆಸರು ಬ್ರಿಕ್, ಅಂದರೆ ಲಿವರ್‌ನೊಳಗೇ ಪಿತ್ತ ಆಗಾಗ ಕಟ್ಟಿಕೊಳ್ಳುವುದು. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಪ್ರತಿ ಕೆಟ್ಟಿದೆ, ಅವರಿಗೇನೂ ಆಗಿಲ್ಲ. ಆದರೂ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈಗ ರಿಫಾಂಪಿಸಿನ್ ಕೊಟ್ಟಿದ್ದಾರೆ. ಕ್ಷಯಕ್ಕೆ ಕೊಡುವ ಅದೇ ಔಷಧಿ! ಅದರಿಂದಲೂ ಲಿವರ್‌ಗೆ ಪೆಟ್ಟು ಬೀಳಬಹುದು, ಹಾಗಾಗಿ ಆಗಾಗ ರಕ್ತಪರೀಕ್ಷೆ. ಹತ್ತು ದಿನದಲ್ಲಿ ತುರಿಕೆ ಇಳಿದಿದೆ. ನಿನ್ನೆ ಮಧ್ಯಾಹ್ನದವರೆಗೂ ಮಲಗಿದ್ದ, ಯಾರೂ ಎಬ್ಬಿಸಲಿಲ್ಲ.